ಮೊದಲು ಮಾನಿಟರ್, ಆಮೇಲೆ ಕಾರ್ಡ್

ಕಂಪ್ಯೂಟರ್ ತಗೋಬೇಕು ಅಂದ್ರೆ ಮೊದಲು ಚರ್ಚೆ ಆಗೋದು ಗ್ರಾಫಿಕ್ಸ್ ಕಾರ್ಡ್ ಬಗ್ಗೆ. ಯಾವ ಮಾಡೆಲ್, ಎಷ್ಟು ಜಿಬಿ, ಗೇಮ್‌ನಲ್ಲಿ ಎಷ್ಟು ಎಫ್‌ಪಿಎಸ್ ಬರುತ್ತೆ... ಅದೆಲ್ಲ ಮುಗಿದ ಮೇಲೆ ಉಳಿದ ದುಡ್ಡಲ್ಲಿ ಯಾವುದೋ ಒಂದು ಮಾನಿಟರ್. ಬಜೆಟ್ ಕಡಿಮೆ ಇದ್ದಾಗ ಈ ಲೆಕ್ಕ ಉಲ್ಟಾ ಹೊಡೆಯುತ್ತೆ. ಯಾಕಂದ್ರೆ ಕಾರ್ಡ್ ಎಷ್ಟು ದುಡಿಯಬೇಕು ಅಂತ ತೀರ್ಮಾನ ಮಾಡೋದೇ ಮಾನಿಟರ್.

ಹೋದ ತಿಂಗಳು ರೋಣ ತಾಲೂಕಿನ ಬೆಳವಣಕಿಯಿಂದ ನಮ್ಮ ಕಾಕಾನ ಮಗ ಫೋನ್ ಮಾಡಿದ್ದ. ಸುತ್ತಲಿನ ಊರುಗಳ ಮದುವೆ, ಜಾತ್ರೆ ಶೂಟ್ ಮಾಡಿ, ಮನೆಯಲ್ಲೇ ಎಡಿಟ್ ಮಾಡಿ ಕೊಡೋದು ಅವನ ಕಸುಬು.

"ಅಣ್ಣಾ, ಹೆಸರು ಮಾರಿದ ರೊಕ್ಕದಾಗ ಅಪ್ಪಾರು ಮೂವತ್ತು ಸಾವಿರ ಕೊಟ್ಟಾರ. ಅಂಗಡ್ಯಾವ್ರು ಇಪ್ಪತ್ನಾಕು ಸಾವಿರದ ಕಾರ್ಡು, ಆರು ಸಾವಿರದ ಮಾನಿಟರ್ ಬರದು ಕೊಟ್ಟಾರ. ತಗೊಳ್ಳಲೇನು?"

"ಈಗ ಏನ್ ತ್ರಾಸ ಐತಿ?"

"ಮಂದಿ ಆಲ್ಬಮ್ ವಾಪಸ್ ತರಾಕತ್ತಾರ. ಇಳಕಲ್ ಸೀರಿ ಕೆಂಪು ಸೆರಗು ಪ್ರಿಂಟಿನ್ಯಾಗ ಕಂದು ಕಾಣತೈತಿ ಅಂತಾರ."

ಅವನು ಬಣ್ಣ ತಿದ್ದುತ್ತಿದ್ದುದು ಒಂದು ಹಳೇ ಟಿವಿ ಮೇಲೆ. ಅದಕ್ಕೆ 24 ಸಾವಿರದ ಕಾರ್ಡ್ ಹಾಕಿದ್ರೆ ತಪ್ಪು ಬಣ್ಣವೇ ಇನ್ನಷ್ಟು ಬೇಗ ರೆಂಡರ್ ಆಗ್ತಿತ್ತು, ಅಷ್ಟೇ.

ಮಾನಿಟರ್ ನೋಡುವಾಗ ಮೊದಲು ಪ್ಯಾನೆಲ್ ಕೇಳಿ. ಬಣ್ಣದ ಕೆಲಸಕ್ಕೆ ಐಪಿಎಸ್ ಒಳ್ಳೇದು. ಪಕ್ಕದಿಂದ ನೋಡಿದ್ರೂ ಬಣ್ಣ ಹೆಚ್ಚು ಬದಲಾಗಲ್ಲ. ಆಮೇಲೆ ವಿವರಗಳಲ್ಲಿ ಎಸ್‌ಆರ್‌ಜಿಬಿ ಎಷ್ಟು ಶೇಕಡಾ ಅಂತ ಹುಡುಕಿ. 99 ಅಥವಾ 100 ಇದ್ರೆ ಸಾಕು. "45% ಎನ್‌ಟಿಎಸ್‌ಸಿ" ಅಂತ ಬರೆದಿದ್ರೆ ಬಣ್ಣದ ಕೆಲಸಕ್ಕೆ ಬೇಡ. ಪರದೆ ಎಷ್ಟೇ ಚೆನ್ನಾಗಿರಲಿ, ಇಡೀ ಆಲ್ಬಮ್ ಕಳಿಸೋ ಮುಂಚೆ ಲ್ಯಾಬಿನಿಂದ ಒಂದೇ ಒಂದು ಟೆಸ್ಟ್ ಪ್ರಿಂಟ್ ತರಿಸಿ, ಪಕ್ಕದಲ್ಲಿಟ್ಟು ಹೋಲಿಸಿ.

ಇನ್ನು ರೆಸಲ್ಯೂಷನ್. 1920×1080 ಅಂದ್ರೆ ಸುಮಾರು 21 ಲಕ್ಷ ಪಿಕ್ಸೆಲ್. 2560×1440 ಅಂದ್ರೆ ಸುಮಾರು 37 ಲಕ್ಷ. 4ಕೆ ಅಂದ್ರೆ ಸುಮಾರು 83 ಲಕ್ಷ, ಮೊದಲಿನದರ ನಾಲ್ಕು ಪಟ್ಟು. ಗೇಮ್ ಆಡುವಾಗ ಅಷ್ಟನ್ನೂ ಪ್ರತಿ ಸೆಕೆಂಡಿಗೆ ಹತ್ತಾರು ಸಲ ಕಾರ್ಡ್ ಬಿಡಿಸಬೇಕು. ಹಾಗಾಗಿ ಸಣ್ಣ ಕಾರ್ಡಿಗೆ 4ಕೆ ಪರದೆ ಕಟ್ಟೋದು ಒಂದೆತ್ತಿನ ಗಾಡಿಗೆ ಲಾರಿ ಲೋಡ್ ಹೇರಿದಂಗೆ. ಇದರ ಉಲ್ಟಾನೂ ನಿಜ: 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತೆ. ಕಾರ್ಡ್ 140 ಕೊಟ್ರೂ ಕಣ್ಣಿಗೆ ಕಾಣೋದು ಅಷ್ಟೇ. ಗಾತ್ರದ ವಿಷಯದಲ್ಲಿ 24 ಇಂಚಿಗೆ 1080 ಸರಿ; 27 ಇಂಚು ಬೇಕಂದ್ರೆ 1440 ತಗೊಳ್ಳಿ, ಇಲ್ಲಾಂದ್ರೆ ಅಕ್ಷರದ ಅಂಚು ಒರಟಾಗಿ ಕಾಣುತ್ತೆ.

ಕಾರ್ಡ್ ಬೇಕೇ ಬೇಕಾ? ನಮ್ಮ ಹಾಗೆ ಕೋಡ್ ಬರೆಯೋರಲ್ಲಿ ಬಹಳ ಜನಕ್ಕೆ ಬೇಡ. ಪ್ರೊಸೆಸರ್ ಹೆಸರಿನ ಕೊನೆ ಅಕ್ಷರ ನೋಡಿ. ಇಂಟೆಲ್‌ನಲ್ಲಿ "ಎಫ್" ಇದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇಕೇ ಬೇಕು. ನಮ್ಮ ಹುಡುಗನ ಐ5ನಲ್ಲಿ ಎಫ್ ಇರಲಿಲ್ಲ. ಅದರೊಳಗಿನ ಕ್ವಿಕ್ ಸಿಂಕ್ ವಿಡಿಯೋ ಎನ್‌ಕೋಡ್ ಕೆಲಸಕ್ಕೆ ಸದ್ಯಕ್ಕೆ ಸಾಕು.

ಕೊನೆಗೆ 27 ಇಂಚಿನ 1440 ಐಪಿಎಸ್ ಮಾನಿಟರ್ 16 ಸಾವಿರಕ್ಕೆ ಬಂತು. ಉಳಿದ 14 ಸಾವಿರ ಎತ್ತಿಟ್ಟಿದ್ದಾನೆ. ಮದುವೆ ಸೀಸನ್ ಮುಗಿದ ಮೇಲೆ ಸ್ವಲ್ಪ ಸೇರಿಸಿ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ ಹಾಕೋ ಯೋಚನೆ. ಅದು ಎಳೆಯೋದು 70 ವ್ಯಾಟ್; ಮದರ್‌ಬೋರ್ಡ್ ಸ್ಲಾಟ್ 75ರವರೆಗೆ ಕೊಡುತ್ತೆ. ಅಂಥ ಕಾರ್ಡಿಗೆ ಸಾಮಾನ್ಯವಾಗಿ ಬೇರೆ ಪವರ್ ಕೇಬಲ್ ಬೇಡ, ಹಳೇ ಎಸ್‌ಎಂಪಿಎಸ್ ಬದಲಿಸೋ ಖರ್ಚೂ ಉಳಿಯುತ್ತೆ. ಪದೇ ಪದೇ ಕರೆಂಟ್ ಹೋಗೋ ಊರಲ್ಲಿ ಯುಪಿಎಸ್ ಮೇಲೂ ಹೊರೆ ಕಡಿಮೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡ್ತಿದ್ರೆ ಒಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ, ಹಗಲೂ ರಾತ್ರಿ ಓಡಿದ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಬಿಲ್, ವಾರಂಟಿ ಎರಡೂ ಇಲ್ಲದಿದ್ರೆ ಕೈ ಹಾಕಬೇಡಿ.

ಹುಬ್ಬಳ್ಳಿಯಲ್ಲಿ ತಗೊಳ್ಳಿ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಗೊಳ್ಳಿ, ದುಡ್ಡು ಕೊಡೋ ಮುಂಚೆ ಎರಡು ಪ್ರಶ್ನೆ ಕೇಳಿ: ಸರ್ವಿಸ್ ಸೆಂಟರ್ ನಮ್ಮೂರಿಗೆ ಎಷ್ಟು ದೂರ? ಪರದೆಯಲ್ಲಿ ಸತ್ತ ಪಿಕ್ಸೆಲ್ ಸಿಕ್ಕರೆ ಎಷ್ಟು ದಿನದೊಳಗೆ ಬದಲಿಸಿ ಕೊಡ್ತೀರಿ? ಉತ್ತರವನ್ನ ಬಿಲ್ ಮೇಲೇ ಬರೆಸಿಕೊಳ್ಳಿ.