ಉದ್ರಿ ಪುಸ್ತಕದಲ್ಲಿ ಸಿಕ್ಕ ಮನಶ್ಶಾಸ್ತ್ರ

ನನ್ನ ಉಪ್ಪ ಅಂಗಡಿ ಇಟ್ಟಿದ್ದು ಜತ್ತ ತಾಲೂಕಿನ ಮುಚ್ಚಂಡಿಯಲ್ಲಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಾದರೂ ಊರಿನವರ ಮಾತು ಕನ್ನಡ. ಮಳೆ ಕಡಿಮೆಯ ಸೀಮೆ. ದೀಪಾವಳಿ ಹೊತ್ತಿಗೆ ಕೆಲವು ಕುಟುಂಬಗಳು ಮುಂಗಡ ಹಣ ಪಡೆದು ಕಬ್ಬು ಕಡಿಯಲು ಹೋಗುತ್ತವೆ, ಬೇಸಿಗೆಗೆ ಮರಳುತ್ತವೆ. ಹಾಗಾಗಿ ಅಂಗಡಿ ನಡೆಯುತ್ತಿದ್ದುದು ಉದ್ರಿಯ ಮೇಲೆ.

ಡಿಪ್ಲೊಮಾ ಓದುವಾಗ ರಜೆಗೆ ಹೋಗಿದ್ದೆ. ಕಬ್ಬಿನಿಂದ ಮರಳಿದ ಒಬ್ಬ ಗಿರಾಕಿ ನಮ್ಮ ಅಂಗಡಿ ತಪ್ಪಿಸಿ ಹಿಂದಿನ ಓಣಿಯಿಂದ ಹೋಗುತ್ತಿದ್ದ. "ಇವ ಮೋಸಗಾರ ಉಪ್ಪಾ" ಅಂದೆ. ಉಪ್ಪ ಪುಸ್ತಕದ ಕೊನೆಯ ಪುಟ ತೆಗೆದರು. ಅಲ್ಲಿ ನಾವೇ ಹೋಲ್‌ಸೇಲ್ ಅಂಗಡಿಗೆ ಕೊಡಬೇಕಾದ ಬಾಕಿ ಇತ್ತು. "ಆ ಸೇಟು ಕಂಡರೆ ನಾನೂ ಹಿಂದಿನ ಬೀದಿ ಹಿಡಿಯುತ್ತೇನೆ. ನಾನೂ ಮೋಸಗಾರನಾ?" ಅಂದರು. ಆಮೇಲೆ ಅವರೇ ಗಿರಾಕಿಯ ಮನೆಗೆ ಹೋಗಿ ವಿಚಾರಿಸಿದರು. ಹೆಂಡತಿಯ ಆಸ್ಪತ್ರೆ ಖರ್ಚಿಗೆ ದುಡಿದದ್ದೆಲ್ಲ ಹೋಗಿತ್ತು. ಬಾಕಿ ಎರಡು ವರ್ಷದಲ್ಲಿ ತೀರಿತು.

ನಾನು ಮಾಡಿದ ತಪ್ಪಿಗೆ ಮನಶ್ಶಾಸ್ತ್ರದಲ್ಲಿ ಹೆಸರಿದೆ ಎಂದು ತಿಳಿದದ್ದು ಬಹಳ ತಡವಾಗಿ. ಬೇರೆಯವರ ನಡತೆಗೆ ಅವರ ಸ್ವಭಾವವೇ ಕಾರಣವೆಂದು ಹೇಳಿ, ಸನ್ನಿವೇಶವನ್ನು ಮರೆಯುವುದು. ಅಮೆರಿಕದ ಲೀ ರಾಸ್ 1977ರಲ್ಲಿ ಇದನ್ನು 'ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್' ಎಂದು ಕರೆದರು. ಇದಕ್ಕೂ ಮೊದಲು, 1967ರಲ್ಲಿ, ಜೋನ್ಸ್ ಮತ್ತು ಹ್ಯಾರಿಸ್ ಒಂದು ಪ್ರಯೋಗ ಪ್ರಕಟಿಸಿದ್ದರು. ಕ್ಯೂಬಾದ ಕ್ಯಾಸ್ಟ್ರೋ ಪರ ಅಥವಾ ವಿರೋಧದ ಪ್ರಬಂಧಗಳನ್ನು ಓದಲು ಕೊಟ್ಟರು. ಬರೆದವನಿಗೆ ಆಯ್ಕೆಯೇ ಇರಲಿಲ್ಲ, ಹೇಳಿದ ಪಕ್ಷವನ್ನೇ ಬರೆದಿದ್ದಾನೆ ಎಂದು ತಿಳಿಸಿದ ಮೇಲೂ, ಬರೆದದ್ದೇ ಅವನ ನಿಜವಾದ ಅಭಿಪ್ರಾಯವಿರಬೇಕು ಎಂಬ ಕಡೆಗೇ ಓದುಗರು ವಾಲಿದರು.

ಸನ್ನಿವೇಶ ಮನುಷ್ಯನ ಬುದ್ಧಿಯ ಮೇಲೂ ಭಾರ ಹಾಕುತ್ತದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಮತ್ತು ನಂತರ ಪರೀಕ್ಷಿಸಿದ ಅಧ್ಯಯನ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕೈಯಲ್ಲಿ ಹಣ ಇಲ್ಲದ ದಿನಗಳಲ್ಲಿ ಅದೇ ರೈತರು ಯೋಚನೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಇದರ ಬಗ್ಗೆ ತಜ್ಞರಲ್ಲಿ ವಾದಗಳೂ ನಡೆದಿವೆ. ಆದರೆ ಉದ್ರಿ ಪುಸ್ತಕ ಬರೆದವರಿಗೆ ಇದು ಹೊಸ ಸುದ್ದಿಯಲ್ಲ.

ಈಗ ನಮ್ಮ ಮನೆಗಳಿಗೆ ಬನ್ನಿ. ಗಲ್ಫ್‌ನಲ್ಲಿ ಕೆಲಸ ಹೋಗಿ ಬಂದ ಹುಡುಗ 'ಸೋಮಾರಿ'. ಹೆರಿಗೆಯಾಗಿ ತಿಂಗಳಾದರೂ ಸುಮ್ಮನೆ ಅಳುವ ಸೊಸೆಗೆ 'ಈಮಾನ್ ಕಡಿಮೆ'. ಹೆರಿಗೆಯ ನಂತರದ ಖಿನ್ನತೆ ಚಿಕಿತ್ಸೆ ಇರುವ ಕಾಯಿಲೆ ಎಂದು ಯಾರೂ ಅವಳಿಗೆ ಹೇಳುವುದಿಲ್ಲ. ಇತ್ತೀಚೆಗೆ ವಾಟ್ಸಾಪ್‌ನಿಂದ ಮನಶ್ಶಾಸ್ತ್ರದ ಪದಗಳೂ ಬಂದಿವೆ. 'ಅವನಿಗೆ ಇಗೋ', 'ಅವಳು ಟಾಕ್ಸಿಕ್'. ಹಳೆಯ ಬೈಗುಳಕ್ಕೆ ಹೊಸ ಅಂಗಿ ಅಷ್ಟೆ. ಮನಶ್ಶಾಸ್ತ್ರದಿಂದ ಒಂದೇ ಪಾಠ ಕಲಿಯುವುದಾದರೆ, ನಮ್ಮ ತೀರ್ಪನ್ನು ನಾವೇ ಅನುಮಾನಿಸುವ ಪಾಠ ಮೊದಲು ಕಲಿಯಬೇಕೆಂದು ನನ್ನ ವಾದ.

ಪಂಪ್‌ಸೆಟ್ ಮೋಟಾರ್ ಸುಟ್ಟರೆ ನಾವು ಮೋಟಾರಿಗೆ ಬೈಯುವುದಿಲ್ಲ. ವೋಲ್ಟೇಜ್ ಎಷ್ಟಿತ್ತು, ಲೋಡ್ ಎಷ್ಟಿತ್ತು ಎಂದು ನೋಡುತ್ತೇವೆ. ಮನುಷ್ಯನಿಗೆ ಅಷ್ಟಾದರೂ ಬೇಡವೇ? ಹೆಚ್ಚಿನ ಗುಮಾನಿಯಿಂದ ದೂರವಿರಿ ಎಂದು ಸೂರಃ ಅಲ್ ಹುಜುರಾತ್ ನಮಗೆ ಆಜ್ಞಾಪಿಸಿದೆ. ಮದ್ರಸದಲ್ಲಿ ಕಲಿತಿದ್ದೇವೆ, ಊಟದ ಸುಪ್ರದ ಸುತ್ತ ಕೂತಾಗ ಮರೆಯುತ್ತೇವೆ.

ಹಾಗೆಂದು ಎಲ್ಲರ ತಪ್ಪನ್ನೂ ಮನ್ನಿಸಬೇಕು ಎನ್ನುತ್ತಿಲ್ಲ. ಉಪ್ಪ ಬಾಕಿಯ ಪುಟ ಹರಿಯಲಿಲ್ಲ. ತೀರ್ಪು ಕೊಡುವ ಮೊದಲು ಹೋಗಿ ಕೇಳಿದರು, ಅಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ವಾರಗಟ್ಟಲೆ ನಿದ್ದೆ, ಊಟ, ಮಾತು ಬಿಟ್ಟಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ನಿಮ್ಮಿಂದ ಆಗದಿದ್ದರೆ ಸರಕಾರದ ಟೆಲಿ ಮಾನಸ್ ಇದೆ. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.