ನಮ್ಮ ಕಣ್ಣು ತಗ್ಗಿಸಿದವರು ಯಾರು?

ಬೆಂಗೇರಿಯ ನಮ್ಮ ಓಣಿಯ ಕಟ್ಟೆಯ ಮೇಲೆ ಕೂತು ಆಯಿ ಕಥೆ ಹೇಳುವುದು ಬರೀ ಬಾಯಿಂದಲ್ಲ. "ಗೌಡ ಬಂದ್ನಪಾ" ಅಂತಾಳೆ. ಕಣ್ಣು ಓಣಿಯ ಮೂಲೆಗೆ ಹೋಗುತ್ತದೆ. ನಾವೆಲ್ಲ ಆ ಮೂಲೆ ನೋಡುತ್ತೇವೆ. ಗೌಡ ಅಲ್ಲೇ ನಿಂತಿದ್ದಾನೆ! ಅವನ ಸಿಟ್ಟನ್ನು ಅಕಿ ಹೇಳುವುದಿಲ್ಲ, ಹುಬ್ಬು ಗಂಟಿಕ್ಕಿ ತೋರಿಸುತ್ತಾಳೆ. "ನಾವು ಸುಮ್ಮನ ನಿಂತ್ವಿ" ಅನ್ನುವಾಗ ಕಣ್ಣು ನೆಲಕ್ಕೆ, ತುಟಿಯ ತುದಿಯಲ್ಲಿ ಮಾತ್ರ ಒಂದು ನಗೆ. ಆ ನಗೆಯೇ ಕಥೆ. ಕೇಳುವ ಹುಡುಗ ಅತ್ತಿತ್ತ ನೋಡಿದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. "ಇತ್ತ ನೋಡಲೇ!" ಮತ್ತೆ ಮೊದಲಿಂದ ಶುರು.

ಅಮೆರಿಕದ ಚಾರ್ಲ್ಸ್ ಗುಡ್ವಿನ್ ಎಂಬ ವಿದ್ವಾಂಸ ಜನರ ಮಾತುಕತೆಯನ್ನು ವಿಡಿಯೋದಲ್ಲಿ ಹಿಡಿದು ನೋಡಿ, 1981ರ ತನ್ನ ಪುಸ್ತಕದಲ್ಲಿ ಇದನ್ನೇ ಬರೆದ: ಕೇಳುವವರ ನೋಟ ಸಿಗದಿದ್ದರೆ ಹೇಳುವವರು ವಾಕ್ಯ ಮುರಿದು ಮತ್ತೆ ಶುರು ಮಾಡುತ್ತಾರೆ. ನಮ್ಮ ಆಯಿಗೆ ಇದು ಪುಸ್ತಕವಿಲ್ಲದೆ ಗೊತ್ತು.

ಜಾನಪದ ಸಂಗ್ರಹಕ್ಕೆ ಬರುವ ಪಂಡಿತರೇ, ನೀವೇನು ಒಯ್ದಿರಿ? "ನಾವು ಸುಮ್ಮನೆ ನಿಂತೆವು" ಎಂಬಷ್ಟನ್ನೇ. ನಗೆ ಕಟ್ಟೆಯ ಮೇಲೇ ಉಳಿಯಿತು. ಓದಿದವರು ಎಂಥ ತಾಳ್ಮೆಯ ಜನ ಎಂದರು. ತಾಳ್ಮೆಯಲ್ಲ ಸ್ವಾಮಿ, ಅದು ಅಣಕ!

ಇದು ಬರೀ ಸಾಹಿತ್ಯದ ಜಗಳವಲ್ಲ. "ಕಣ್ಣು ಕೆಳಗ ಹಾಕಲೇ" ಎಂದು ನಮ್ಮನ್ನು ತಲೆತಲಾಂತರ ಬಗ್ಗಿಸಿದವರು ಯಾರು? ಅದೇ ತಗ್ಗಿದ ಕಣ್ಣು ಹೊತ್ತು ನಾವು ಇಂದು ಕಟಕಟೆ ಹತ್ತಬೇಕು. ಸಾಕ್ಷಿ ನುಡಿಯುವವರ ವರ್ತನೆ ಹೇಗಿತ್ತೆಂದೂ ಬರೆದಿಡುವಂತೆ 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಮು ನ್ಯಾಯಾಧೀಶರಿಗೆ ಹೇಳಿತ್ತು. 2023ರ ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. "ಮುಖ ಕೊಟ್ಟು ಮಾತಾಡಲಿಲ್ಲ" ಎಂದು ಬರೆದುಬಿಟ್ಟರೆ? 1989ರ ದೌರ್ಜನ್ಯ ತಡೆ ಕಾಯ್ದೆ ಇದ್ದೂ ನಮ್ಮ ನಿಜ ಅಲ್ಲೇ ಸಾಯುತ್ತದೆ. ಊರಲ್ಲಿ ನೋಡಿದರೆ ಸೊಕ್ಕು, ಕೋರ್ಟಿನಲ್ಲಿ ನೋಡದಿದ್ದರೆ ಸುಳ್ಳು! ಇದ್ಯಾವ ನ್ಯಾಯ?

ಮಾಸ್ತರರೇ, ನೆಲ ನೋಡುತ್ತ ಉತ್ತರ ಹೇಳುವ ಮಗುವಿಗೆ ಬರುವುದಿಲ್ಲವೆಂದು ತಿಳಿಯಬೇಡಿ; ಅದರೆದುರು ಕೂತು, ಅದು ಕಣ್ಣೆತ್ತುವ ತನಕ ಕಾಯಿರಿ. ವಿದ್ಯಾರ್ಥಿಗಳೇ, ಕಥೆ ಬರೆದುಕೊಳ್ಳುವಾಗ ಹುಬ್ಬು, ತುಟಿ, ನೋಟವನ್ನೂ ಬರೆಯಿರಿ. ಸಂಗಾತಿಗಳೇ, ನೊಂದವರ ಹೇಳಿಕೆ ಪಡೆಯುವಾಗ ಮೊದಲು ಪೆನ್ನು ಕೆಳಗಿಟ್ಟು ಮುಖ ನೋಡಿರಿ.

1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ, ಇದೇ ಬೆಂಗೇರಿಯಲ್ಲಿ, ಹೆಣ್ಣುಮಕ್ಕಳು ದೇಶದ ಬಾವುಟ ಹೊಲಿಯುತ್ತಾರೆ. ಆ ಬಾವುಟ ಮುಗಿಲು ನೋಡುತ್ತದೆ. ಅದರ ಕೆಳಗೆ ನಿಂತ ನಾವು ಇನ್ನೆಷ್ಟು ದಿನ ನೆಲ ನೋಡಬೇಕು?

ನೋಡುತ್ತೇವೆ. ಮುಖಕ್ಕೆ ಮುಖ ಕೊಟ್ಟೇ ನಮ್ಮ ಕಥೆ ಹೇಳುತ್ತೇವೆ. ಇತ್ತ ನೋಡ್ರಿ!