ದೊಡ್ಡವ್ವ ಕಟ್ಟುವ ಭಿಕ್ಷುಕರ ಕರ

ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬರುತ್ತೆ: 'ಈ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿ, 5% ರಿಯಾಯಿತಿ ಪಡೆಯಿರಿ.' ನಾವೆಲ್ಲಾ ಲಿಂಕ್ ಒತ್ತಿ, ಯುಪಿಐನಲ್ಲಿ ಕಟ್ಟಿ, ಸ್ಕ್ರೀನ್‌ಶಾಟ್ ಹಾಕ್ತೀವಿ. ನನ್ನ ಫ್ಲ್ಯಾಟಿನ ತೆರಿಗೆ 7,200 ರೂಪಾಯಿ. ಉಳಿಯೋದು 360. ಅವತ್ತು ರಾತ್ರಿ ಅದರಲ್ಲೇ ಒಂದು ಬಿರಿಯಾನಿ.

ನಮ್ಮ ದೊಡ್ಡವ್ವನಿಗೂ ಆಸ್ತಿ ತೆರಿಗೆ ಬರುತ್ತೆ. ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರರಲ್ಲಿ ಒಂದೂರು. ಯಾವುದು ಅಂತ ಹೇಳೋಲ್ಲ, ನಾಳೆ ಅದೇ ಕಚೇರಿ ಮೆಟ್ಟಿಲು ಹತ್ತಬೇಕಾದವಳು ಅವಳು. ದೊಡ್ಡ ರಸ್ತೆಗೆ ಮುಖ ಮಾಡಿರೋ ಹಳೇ ಹೆಂಚಿನ ಮನೆ, ಮುಂದೆ ಜಗುಲಿ. ದೊಡ್ಡಪ್ಪ ತೀರಿಕೊಂಡು ಆರು ವರ್ಷ ಆಯ್ತು. ತಿಂಗಳಿಗೆ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ, ಗೃಹಲಕ್ಷ್ಮಿ 2,000. ಅಷ್ಟೇ ಆದಾಯ. ತೆರಿಗೆ ವರ್ಷಕ್ಕೆ 1,800. ಮೂರು ವರ್ಷ ಕಟ್ಟಿರಲಿಲ್ಲ.

ಹೋದ ಸಲ ಊರಿಗೆ ಹೋದಾಗ ದಿಂಬಿನ ಕೆಳಗಿಂದ ನೋಟೀಸ್ ತೆಗೆದು ಕೊಟ್ಟಳು. 'ಇದೇನ್ ನೋಡ್ಲಾ ಮಗ, ನಿಮ್ ದೊಡ್ಡಪ್ಪನ್ ಹೆಸ್ರಿಗ್ ಬಂದದೆ.' ನೋಡಿದೆ. ಅಸಲು ತೆರಿಗೆ 5,400. ದಂಡ 2,592. ಅದರ ಮೇಲೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಎಲ್ಲಾ ಸೇರಿ ಒಂಬತ್ತು ಸಾವಿರ ದಾಟಿತ್ತು. ಅಂದ್ರೆ ಅವಳ ಹೆಚ್ಚೂಕಮ್ಮಿ ಮೂರು ತಿಂಗಳ ಪೂರ್ತಿ ಆದಾಯ.

ಭಿಕ್ಷುಕರ ಕರ ಅಂದ್ರೆ ತಮಾಷೆ ಅಲ್ಲ. ಭಿಕ್ಷಾಟನೆ ನಿಷೇಧಕ್ಕೆ 1975ರಲ್ಲಿ ಆದ ರಾಜ್ಯದ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಮೇಲೆ 3% ವಸೂಲಿ ಮಾಡ್ತಾರೆ. ನಿರ್ಗತಿಕರ ಪುನರ್ವಸತಿಗೆ ಅದು ಬೇಕು, ಒಪ್ಪೋಣ. ಆದ್ರೆ ತಿಂಗಳಿಗೆ 3,200ರಲ್ಲಿ ಬದುಕೋ ಹೆಂಗಸು ಬಡವರ ಉದ್ಧಾರಕ್ಕೆ ಅಂತ ವರ್ಷಕ್ಕೆ 54 ರೂಪಾಯಿ ಕಟ್ಟಬೇಕು ಅನ್ನೋ ವ್ಯವಸ್ಥೆಗೆ ನಾಚಿಕೆ ಆಗಲ್ವಾ?

ಲೆಕ್ಕ ಹಾಕೋದು ನಮ್ಮ ಕಸುಬು, ಹಾಕಿಬಿಡೋಣ. ನನ್ನ ಸಂಬಳ ವರ್ಷಕ್ಕೆ 18 ಲಕ್ಷ. ಕರಗಳನ್ನ ಬಿಟ್ಟರೆ ನಾನು ಆದಾಯದ 0.4% ಆಸ್ತಿ ತೆರಿಗೆ ಕಟ್ತೀನಿ. ದೊಡ್ಡವ್ವ ಕಟ್ಟಬೇಕಾಗಿರೋದು 4.7%. ನನಗಿಂತ ಹತ್ತು ಪಟ್ಟಿಗೂ ಜಾಸ್ತಿ. ಅದರ ಮೇಲೆ ನನಗೆ ರಿಯಾಯಿತಿ, ಅವಳಿಗೆ ದಂಡ.

ಯಾಕೆ ಹಿಂಗೆ? ಯಾಕಂದ್ರೆ ತೆರಿಗೆ ಲೆಕ್ಕ ಆಗೋದು ಮಾರ್ಗಸೂಚಿ ಬೆಲೆ, ಅಳತೆ, ಕಟ್ಟಡದ ವಯಸ್ಸು, ಸ್ವಂತ ವಾಸವೋ ಬಾಡಿಗೆಯೋ ಅನ್ನೋದರ ಮೇಲೆ. ಒಳಗಿರೋರ ಒಲೆ ಉರಿಯುತ್ತಾ ಇಲ್ವಾ ಅಂತ ಕೇಳೋ ಕಾಲಂ ಅದರಲ್ಲಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆಯ್ತು. ಅದೇ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಮಾರ್ಗಸೂಚಿ ಬೆಲೆ ಏರಿತು. ನಾವು ಬೆಂಗಳೂರಲ್ಲಿ ಕೂತು 'ನಮ್ಮೂರಲ್ಲೂ ರೇಟ್ ಬಂತು' ಅಂತ ಖುಷಿಪಟ್ಟೆವು. ದೊಡ್ಡವ್ವನ ಪಿಂಚಣಿ ಮಾತ್ರ ಇದ್ದಲ್ಲೇ ಇದೆ. ಜಗುಲಿಗೆ ಬೆಲೆ ಬಂದರೆ ಅನ್ನದ ತಪ್ಪಲೆ ತುಂಬಲ್ಲ.

ಇನ್ನು ಕಟ್ಟೋ ಕಾಲ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ. ಮೇ, ಜೂನ್‌ನಲ್ಲಿ ದಂಡ ಇಲ್ಲ. ಜುಲೈನಿಂದ ತಿಂಗಳಿಗೆ 2% ದಂಡ. ಈ ಕ್ಯಾಲೆಂಡರ್ ಮಾಡಿದವರಿಗೆ ಮಂಡ್ಯ ಸೀಮೆ ಗೊತ್ತಿಲ್ಲ. ನಾಲೆ ನೀರಲ್ಲಿ ಬೆಳೆದ ಭತ್ತ ಕಣಕ್ಕೆ ಬರೋದು ಸಂಕ್ರಾಂತಿ ಆಜುಬಾಜಿಗೆ. ಕಬ್ಬು ಅರೆಯೋಕೆ ಶುರು ಮಾಡೋದು ಮಳೆಗಾಲದಲ್ಲಿ, ದುಡ್ಡು ಬರೋದು ಇನ್ನೂ ಆಮೇಲೆ. ಕೂಲಿ ಮಾಡೋರಿಗೂ, ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟೋರಿಗೂ ಆ ದುಡ್ಡು ಊರೊಳಗೆ ಓಡಾಡಿದಾಗಲೇ ಕೈ ಆಡೋದು. ಏಪ್ರಿಲ್‌ನಲ್ಲಿ ಕೈಯಲ್ಲಿ ಕಾಸಿರೋದು ತಿಂಗಳ ಸಂಬಳದವರಿಗೆ, ಅಂದ್ರೆ ನಮಗೆ.

ತಿಂಗಳಿಗೆ 2% ಅಂದ್ರೆ ವರ್ಷಕ್ಕೆ 24%. ಈಗ ಇನ್ನೊಂದು ಕಾನೂನು ನೋಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿಸಿದ 14 ದಿನದೊಳಗೆ ಕಾರ್ಖಾನೆ ರೈತನಿಗೆ ದುಡ್ಡು ಕೊಡಬೇಕು, ತಡ ಆದರೆ ವರ್ಷಕ್ಕೆ 15% ಬಡ್ಡಿ. ನಮ್ಮಪ್ಪ ಜೀವನಪೂರ್ತಿ ಕಬ್ಬು ಹಾಕಿದರು, ತಿಂಗಳುಗಟ್ಟಲೆ ಕಾದರು, ಆ ಬಡ್ಡಿಯ ಒಂದು ಪೈಸೆ ಮುಖ ನೋಡಲಿಲ್ಲ. ಕಾರ್ಖಾನೆ ಬಾಕಿ ಉಳಿಸಿಕೊಂಡರೆ 15%, ಅದೂ ಕಾಗದದ ಮೇಲೆ. ಮುದುಕಿ ಬಾಕಿ ಉಳಿಸಿಕೊಂಡರೆ 24%, ಕಡ್ಡಾಯವಾಗಿ.

'ಸ್ವಂತ ಮನೆ ಇರೋರು ಬಡವರು ಹೆಂಗ್ರೀ ಆಗ್ತಾರೆ? ಅಷ್ಟು ಕಷ್ಟ ಇದ್ರೆ ಮಾರಲಿ' ಅಂತ ಕೆಲವರು ಕೇಳ್ತಾರೆ. ನನ್ನ ಟೀಮಿನವನೇ ಒಬ್ಬ ಕೇಳಿದ. ಅಪ್ಪ, ಮನೆ ಅಂದ್ರೆ ಶೇರ್ ಅಲ್ಲ, ಬೇಕಾದಾಗ ನಾಲ್ಕು ಮಾರೋಕೆ. ಅಡುಗೆಮನೆ ಮಾರಿ ತೆರಿಗೆ ಕಟ್ಟೋಕಾಗುತ್ತಾ? ಅಷ್ಟಕ್ಕೂ ಅವಳು ಮಾರೋ ಹಾಗೂ ಇಲ್ಲ. ಖಾತೆ ಇನ್ನೂ ದೊಡ್ಡಪ್ಪನ ಹೆಸರಲ್ಲಿದೆ. ಪೌತಿ ಖಾತೆ ಮಾಡಿಸೋಕೆ ಹೋದರೆ 'ಮೊದಲು ಬಾಕಿ ತೀರಿಸ್ಕೊಂಡು ಬಾ ಅಜ್ಜಿ' ಅಂದರಂತೆ. ಕಂತಿನಲ್ಲಿ ಕಟ್ತೀನಿ ಸ್ವಾಮಿ ಅಂದಳಂತೆ, ಸಾಫ್ಟ್‌ವೇರಲ್ಲಿ ಆಪ್ಷನ್ ಇಲ್ಲ ಅಂದರಂತೆ. ಹೊರಗೆ ಅರ್ಜಿ ತುಂಬಿಕೊಡೋನು 500 ಕೇಳಿದನಂತೆ. ಅವಳು ವಾಪಸ್ ಬಂದು ನೋಟೀಸನ್ನ ದಿಂಬಿನ ಕೆಳಗೆ ಇಟ್ಟಳು.

ಇನ್ನೊಂದು ವಾದ ನಿಜವಾಗಿಯೂ ತೂಕದ್ದು. ಸಣ್ಣ ಊರಿನ ನಗರಸಭೆ, ಪುರಸಭೆಗಳ ಹತ್ತಿರ ದುಡ್ಡಿಲ್ಲ. ಎಲ್ಲರಿಗೂ ಮನ್ನಾ ಮಾಡಿದರೆ ಚರಂಡಿ ಯಾರು ಕ್ಲೀನ್ ಮಾಡ್ತಾರೆ, ಬೀದಿದೀಪ ಹೇಗೆ ಉರಿಯುತ್ತೆ? ಸರಿ. ಅದಕ್ಕೇ ನಾನು ಎಲ್ಲರಿಗೂ ಮನ್ನಾ ಕೇಳ್ತಿಲ್ಲ. 2024ರಲ್ಲಿ ಬೆಂಗಳೂರಿನಲ್ಲಿ ಒಂದೇ ಬಾರಿ ತೀರುವಳಿ ಅಂತ ಯೋಜನೆ ತಂದು ಹಳೇ ಬಾಕಿಯ ಬಡ್ಡಿ ಬಿಟ್ಟರು. ಇಡೀ ಬಾಕಿ ಒಟ್ಟಿಗೆ ಕಟ್ಟೋ ತಾಕತ್ತು ಇದ್ದವರಿಗೆ ಅದು ಹಬ್ಬ. ಒಟ್ಟಿಗೆ ಕಟ್ಟೋಕೆ ಆಗದೇ ಇರೋದೇ ಬಡತನ ಅಲ್ವಾ?

ಬೇರೆ ಕಡೆ ಏನು ಮಾಡಿದಾರೆ ನೋಡಿ. ಕೇರಳದಲ್ಲಿ 2023ರ ಏಪ್ರಿಲ್‌ನಿಂದ 60 ಚದರ ಮೀಟರ್ ಒಳಗಿನ ಮನೆಗೆ ವಿನಾಯಿತಿ. ಮುಂಬೈಯಲ್ಲಿ 2022ರಿಂದ 500 ಚದರ ಅಡಿವರೆಗಿನ ಮನೆಗೆ ಆಸ್ತಿ ತೆರಿಗೆ ಇಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1964ರಲ್ಲೇ ಇನ್ನೂ ನೇರವಾದ ದಾರಿ ಹಿಡೀತು: ಮನೆ ತೆರಿಗೆ ಆದಾಯಕ್ಕೆ ಮೀರಿದ ಹೊರೆ ಆದರೆ ಆ ಹೊರೆಯ ಒಂದು ಪಾಲನ್ನ ರಾಜ್ಯವೇ ಹೊತ್ತುಕೊಳ್ಳುತ್ತೆ. ಇಂಥದ್ದಕ್ಕೆ ಅಲ್ಲಿ ಸರ್ಕ್ಯೂಟ್ ಬ್ರೇಕರ್ ಅಂತಾರೆ. ನಮ್ಮ ಮನೆ ಎಂಸಿಬಿ ಇದ್ದಂಗೆ, ಲೋಡ್ ಜಾಸ್ತಿ ಆದ್ರೆ ವೈರ್ ಸುಡೋಕೆ ಮುಂಚೆ ಟ್ರಿಪ್ ಆಗುತ್ತೆ.

ನಮ್ಮಲ್ಲೂ ಅದೇ ಆಗಲಿ. ಬಿಪಿಎಲ್ ಕಾರ್ಡು, ಸ್ವಂತ ವಾಸದ ಒಂದೇ ಮನೆ ಇದ್ದವರಿಗೆ ತೆರಿಗೆ ಆದಾಯದ 1% ದಾಟಬಾರದು. ಉಳಿದದ್ದನ್ನ ರಾಜ್ಯ ಸರ್ಕಾರ ಊರಿಗೆ ತುಂಬಿಕೊಡಲಿ. ದಂಡ ಬೇಡ, ಕಂತು ಇರಲಿ, ಗಡುವು ಸಂಕ್ರಾಂತಿ ಆಮೇಲೆ ಇರಲಿ. ಮತ್ತೆ ಇದಕ್ಕೆ ಅರ್ಜಿ ಬೇಡ. ಯಾರ ಹತ್ತಿರ ಬಿಪಿಎಲ್ ಕಾರ್ಡಿದೆ, ಯಾರಿಗೆ ಪಿಂಚಣಿ ಹೋಗುತ್ತೆ ಅಂತ ಸರ್ಕಾರದ 'ಕುಟುಂಬ' ಡೇಟಾಬೇಸಿನಲ್ಲಿದೆ. ಯಾರ ಮನೆಗೆ ಎಷ್ಟು ತೆರಿಗೆ ಅನ್ನೋದು ಇನ್ನೊಂದು ಡೇಟಾಬೇಸಿನಲ್ಲಿದೆ. ಹೆಸರು ಹೊಂದದೇ ಇರೋದು, ಖಾತೆ ಬದಲಾಗದೇ ಇರೋದು, ಇಂಥ ತೊಡಕು ಇರುತ್ತೆ, ಗೊತ್ತು. ಆದ್ರೆ ಇದಕ್ಕಿಂತ ಹೊಲಸು ಡೇಟಾನ ನಾವು ದಿನಾ ಯಾವುದೋ ದೇಶದ ಕಂಪನಿಗೆ ಕ್ಲೀನ್ ಮಾಡಿ ಜೋಡಿಸಿ ಕೊಡ್ತೀವಿ.

ದೊಡ್ಡವ್ವನ ಬಾಕಿ ನಾನೇ ಕಟ್ಟಿದೆ. ದೊಡ್ಡ ಉಪಕಾರ ಅಂತ ಹೇಳಿಕೊಳ್ತಿಲ್ಲ. ಅವಳಿಗೆ ಐಟಿಯಲ್ಲಿರೋ ಮಗನಂಥವನು ಒಬ್ಬ ಇದ್ದ, ಪಕ್ಕದ ಮನೆಯವಳಿಗೆ ಇಲ್ಲ. ರಸೀದಿ ಕೊಟ್ಟಾಗ ಅವಳು ಕೇಳಿದ್ದು ಒಂದೇ: 'ಮುಂದಿನ್ ವರ್ಸಕ್ಕೆ ಏನ್ಲಾ ಮಾಡದು?'

ಈ ಏಪ್ರಿಲ್‌ನಲ್ಲಿ 5% ಉಳಿಸಿದ ಸ್ಕ್ರೀನ್‌ಶಾಟ್ ಹಾಕೋ ಮುಂಚೆ ಊರಿಗೆ ಒಂದು ಫೋನ್ ಮಾಡಿ, ನಿಮ್ಮನೆ ಹಿರಿಯರ ದಿಂಬಿನ ಕೆಳಗೆ ಏನಿದೆ ಅಂತ ಕೇಳಿ. ಆಮೇಲೆ ನಿಮ್ಮೂರಿನ ಕೌನ್ಸಿಲರ್‌ಗೂ ಎಮ್ಮೆಲ್ಲೆಗೂ ಇನ್ನೊಂದು ಫೋನ್ ಮಾಡಿ, ದೊಡ್ಡವ್ವನ ಪ್ರಶ್ನೆಯನ್ನೇ ಕೇಳಿ.